ಹೋರಿಯ ಕ್ಯಾನಿನಲ್ಲಿಟ್ಟ ಔಷಧಿ

ನರಸೀಪುರದ ಬಟ್ಟೆ ಅಂಗಡಿಗೆ ಅರ್ಧ ದಿನ ರಜ ಹೇಳಿ ವನಜಾಕ್ಷಿ ಮನೆಗೆ ಬಂದಾಗ ಮೂರು ಗಂಟೆ ಬಿಸಿಲು. ಜಗಲಿ ಮೇಲೆ ಕೂತಿದ್ದ ಗಂಡ ನಿಂಗರಾಜು ಅವಳನ್ನ ನೋಡಿದ, ಮುಖ ತಿರುಗಿಸಿದ.

ಮದುವೆಯಾಗಿ ಹದಿನಾಲ್ಕು ವರ್ಷ. ಅವಳು ಬರುವ ದಾರಿಗೇ ಕಣ್ಣು ನೆಟ್ಟು ಕೂರುವ ಗಂಡಸು ಮುಖ ತಿರುಗಿಸಿದ್ದು ಇದೇ ಮೊದಲು.

ಇವರಿಗೂ ಸಾಕಾಯ್ತು ಅಂದುಕೊಂಡಳು ವನಜಾಕ್ಷಿ. ಸಾಕಾಗದೆ ಇನ್ನೇನು? ಮಗುವಿಗಾಗಿ ಮೂರು ಸಲ ಮೈಸೂರಿನ ಆಸ್ಪತ್ರೆ, ಮೂರು ಸಲವೂ ಬರಿಗೈ.

ನಿಂಗರಾಜು ಹಾಲಿನ ಸೊಸೈಟಿ ಕಡೆಯಿಂದ ಹಸುಗಳಿಗೆ ಇಂಜೆಕ್ಷನ್ ಹಾಕಿ ಗಬ್ಬ ಕಟ್ಟಿಸುವವನು. ಅವರೂರು ಚಿಕ್ಕಯ್ಯನಛತ್ರದ ಸುತ್ತಲ ಊರವರೆಲ್ಲ ಎದುರಿಗೆ 'ಡಾಕ್ಟ್ರೇ' ಅಂತಾರೆ. ಬೆನ್ನು ತಿರುಗಿದ ಮೇಲೆ, 'ಊರ ಕೊಟ್ಟಿಗೆಯೆಲ್ಲ ತುಂಬಿಸ್ತಾನೆ, ಅವನ ಮನೆ ತೊಟ್ಟಿಲು ನೋಡು' ಅಂತ ನಗ್ತಾರೆ. ಅವನಿಗೆ ಕೇಳದೇ ಏನಿಲ್ಲ.

ಹೋದ ವಾರ ಆ ಆಸ್ಪತ್ರೆಯ ಡಾಕ್ಟರ್ ನಂದಿತಾ ಅಂದಿದ್ದರು: "ಮೊಟ್ಟೆ ಕಮ್ಮಿ ಬರ್ತಿವೆ. ಈ ಸಲ ಮಾಮೂಲಿ ಇಂಜೆಕ್ಷನ್ ಜೊತೆ ಗ್ರೋತ್ ಹಾರ್ಮೋನ್ ಸೇರಿಸಿ ನೋಡೋಣ. ಕೆಲವರಿಗೆ ಅನುಕೂಲ ಆಗಬಹುದು. ಆಗೇ ಆಗ್ತದೆ ಅಂತ ನಾನು ಹೇಳಲ್ಲ."

ಮಕ್ಕಳು ಎತ್ತರ ಬೆಳೆಯೋಕೂ ಅದನ್ನೇ ಕೊಡ್ತಾರೆ ಅಂತ ತಿಳಿದದ್ದೇ ತಡ, ಔಷಧಿ ತಗೊಂಡು ವಾಪಸ್ ಬರುವ ಬಸ್ಸಿನಲ್ಲಿ ನಿಂಗರಾಜು ಅವಳ ಕಿವಿಯ ಹತ್ತಿರ ಬಾಗಿದ್ದ. "ನೀನು ನನಗಿಂತ ಉದ್ದ ಆಗೋದ್ರೆ ಮುತ್ತು ಕೊಡಾಕೆ ಏಣಿ ತರ್ಬೇಕಲ್ಲೇ!" ಅವಳು ಓರೆಗಣ್ಣಲ್ಲಿ ನೋಡಿ ತೋಳು ಚಿವುಟಿದ್ದಳು.

ಇವತ್ತು ಸಂಜೆ ಮೊದಲ ಸೂಜಿ ಶುರುವಾಗಬೇಕು. ಇವನು ನೋಡಿದರೆ ಹೀಗೆ.

"ಯಾಕ್ರೀ, ನಾನು ಬ್ಯಾಡ್ವಾಗೋದ್ನಾ?"

"ಏನ್ ಮಾತು ಅಂತ ಆಡ್ತೀಯೆ?" ಅವನು ತಲೆ ತಗ್ಗಿಸಿದ. "ಬೆಳಗ್ಗಿಂದ ಕರೆಂಟಿಲ್ಲ. ಫ್ರಿಜ್ ಬೆಚ್ಚಗಾಯ್ತು. ನಿನ್ನ ಔಷಧಿ ಕೆಟ್ಟೋಯ್ತದೆ ಅಂತ... ನನ್ನ ಕ್ಯಾನಲ್ಲಿಟ್ಟೆ."

ಕ್ಯಾನ್ ಅಂದರೆ ಹೋರಿ ವೀರ್ಯದ ಕಡ್ಡಿಗಳನ್ನ ಕಾಪಿಡುವ ನೈಟ್ರೋಜನ್ ಡಬ್ಬ. ಮುಚ್ಚಳ ತೆಗೆದರೆ ಹೊಗೆಯಾಡುತ್ತೆ. ಆ ಚಳಿಯಲ್ಲಿ ಕಡ್ಡಿಗಳು ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಹಸುವಿಗೆ ಒಳ್ಳೇದಾದ್ದು ಹೆಂಡತಿಗೆ ಕೆಟ್ಟದ್ದಾದೀತೇ ಅಂತ, ಔಷಧಿ ಬಾಟಲಿಗಳನ್ನ ಬಟ್ಟೆಯಲ್ಲಿ ಸುತ್ತಿ ಒಳಗೆ ಇಳಿಬಿಟ್ಟಿದ್ದ.

ಬಟ್ಟೆ ಬಿಚ್ಚಿ ತೋರಿಸಿದ. ಪುಟ್ಟ ಬಾಟಲಿಗಳು ಬಿರಿದಿದ್ದವು.

"ಡಾಕ್ಟ್ರಮ್ಮಂಗೆ ಫೋನ್ ಮಾಡ್ದೆ. ತಣ್ಣಗಿರ್ಬೇಕು, ಹೆಪ್ಪುಗಟ್ಬಾರ್ದು ಅಂತ ಹೇಳಿರ್ಲಿಲ್ವಾ ಅಂದ್ರು. ನಾಳೆ ಬೇರೆ ಕೊಡ್ತಾರಂತೆ. ಒಂದಿನ ತಡ ಆದ್ರೆ ಏನೂ ಆಗಲ್ವಂತೆ."

"ಹೋರಿಗಳ ಜೊತೆ ನನ್ನ ಔಷಧಿನಾ?" ವನಜಾಕ್ಷಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಅದು ಅಳುವಾಯಿತು.

"ಅಳಬ್ಯಾಡ ಕಣೆ. ಮೊದಲ್ನೇ ಬಸ್ಸಿಗೇ ಓಗಿ ತತ್ತೀನಿ."

"ತರಬೇಡಿ."

ಅವನು ಕಣ್ಣೆತ್ತಿ ನೋಡಿದ.

"ಒಡೆದಿರೋದು ನೋಡಿ ನಂಗೆ ಖುಷಿ ಆಯ್ತು ಕಣ್ರೀ. ಪಾಪಿ ನಾನು. ಮೈ ದಣಿದೋಗಿದೆ. ಬೇಡ ಅಂದ್ರೆ ನನ್ನನ್ನೇ ಬೇಡ ಅಂತೀರೇನೋ ಅಂತ ಬಾಯಿ ಮುಚ್ಕೊಂಡಿದ್ದೆ."

ನಿಂಗರಾಜು ಒಡೆದ ಬಾಟಲಿಗಳನ್ನ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟ.

"ಮೂರು ಸಲ ಗಬ್ಬ ನಿಲ್ಲದ ಹಸೂನ ಬಿಡ್ರಪ್ಪ, ಸುಧಾರಿಸ್ಕೊಳ್ಲಿ, ನೆಮ್ಮದಿಯಾಗಿ ಮೇಯ್ಲಿ ಅಂತ ನಾನೇ ಹೇಳ್ತೀನಿ. ಊರಿಗೆಲ್ಲ ಹೇಳೋನು ಮನೇಲಿ ಹೇಳ್ಲಿಲ್ಲ ನೋಡು."

"ನಾನೇನು ಹಸುವಾ?"

"ಹಸುವಾದ್ರೆ ಒದ್ದಾದ್ರೂ ಹೇಳ್ತದೆ. ನೀನು ಸುಮ್ಕೆ ಇದ್ಬಿಟ್ಟೆ." ಅವಳ ಕೈ ಹಿಡಿದುಕೊಂಡ. "ಮಗು ಆಸೆ ಐತೆ ಕಣೆ, ಸುಳ್ಳು ಹೇಳಲ್ಲ. ನಿನ್ನಂಗೆ ನಗೋ ಮಗು ಬೇಕು ಅಂತ ಆಸೆ ಪಟ್ಟೋನು ನಾನು. ನೀನೇ ನಗೋದು ಬಿಟ್ಮೇಲೆ ಅದ ತಗೊಂಡು ಏನ್ ಮಾಡ್ಲಿ?"

ವನಜಾಕ್ಷಿ ಸೆರಗಲ್ಲಿ ಮುಖ ಒರೆಸಿಕೊಂಡು ತಾನೇ ಫೋನ್ ಮಾಡಿದಳು.

"ಮೇಡಂ, ಇಲ್ಲಿಗೆ ನಿಲ್ಲಿಸ್ತೀವಿ."

"ಆಗಲಿ ವನಜಾಕ್ಷಿ. ಮುಂದೆ ಯಾವಾಗ?"

ಅವಳು ಗಂಡನ ಮುಖ ನೋಡಿದಳು. ಅವನು ನಿನ್ನಿಷ್ಟ ಅನ್ನುವ ಹಾಗೆ ಗೋಣಾಡಿಸಿದ.

"ಗೊತ್ತಿಲ್ಲ ಮೇಡಂ. ಬಂದ್ರೆ ಬರ್ತೀವಿ."

ಫೋನಿಟ್ಟು, ಹಾಡಹಗಲೇ, ಬೀದಿಗೆ ಕಾಣುವ ಹಾಗೆ ಅವನ ಹೆಗಲಿಗೆ ತಲೆ ಕೊಟ್ಟಳು.

"ಯಾರಾದ್ರೂ ನೋಡ್ತಾರೆ ಕಣೆ."

"ನೋಡ್ಲಿ ಬಿಡಿ."

ಸ್ವಲ್ಪ ಹೊತ್ತಿಗೆ ಅವಳ ಉಸಿರು ಭಾರವಾಯಿತು. ನಿದ್ದೆ ಹೋಗಿದ್ದಳು. ಬಿಸಿಲು ಸರಿದು ಅವಳ ಮುಖಕ್ಕೆ ಬಂತು. ನಿಂಗರಾಜು ಹೆಗಲು ಅಲ್ಲಾಡಿಸದೆ, ಇನ್ನೊಂದು ಕೈಯನ್ನ ಅಡ್ಡ ಹಿಡಿದು ಕೂತ.