ಬಂದರು ಬಂದ್

ಬೆಳಿಗ್ಗೆ ಒಂಬತ್ತೂಕಾಲಿಗೆ ಬಂದರಿನ ಅಧಿಕಾರಿ ಒಂದು ಬೂಟಿನ ಕಟ್ಟದ ದಾರ ಎಳೆದುಕೊಂಡೇ ಠಾಣೆಗೆ ಬಂದರು. ಯಾರೋ ತಮ್ಮ ದನಿ ಕದ್ದಿದ್ದಾರೆ ಎಂಬುದು ದೂರು. ಇನ್ಸ್‌ಪೆಕ್ಟರ್ ದನ ಕಳುವಿಗೆ ಎಷ್ಟೋ ಎಫ್‌ಐಆರ್ ಬರೆದಿದ್ದರು. ದನಿ ಕಳುವಿಗೆ ಇದೇ ಮೊದಲು.

ಉತ್ತರದ ತುತ್ತತುದಿಯ ಆ ಊರಲ್ಲಿ ಸಮುದ್ರ ಮಂಜುಗಡ್ಡೆ ಬಿಟ್ಟು ನೀರಾಗಿರುವುದು ವರ್ಷಕ್ಕೆ ನಾಲ್ಕೇ ತಿಂಗಳು. ಹೊಸ ಬಂದರಿನ ಮೊದಲ ಸರಕು ಹಡಗು ಹೊರಗೆ ಲಂಗರು ಹಾಕಿ ನಿಂತಿತ್ತು. ಮಧ್ಯಾಹ್ನದ ಭರತದ ನೀರು ಇಳಿಯುವುದರೊಳಗೆ ಒಳಗೆ ಬರದಿದ್ದರೆ ಅದು ದಕ್ಷಿಣದ ದಾರಿ ಹಿಡಿಯುತ್ತದೆ, ಊರು ಮತ್ತೆ ಮೀನು ಒಣಗಿಸುತ್ತ ಕೂರಬೇಕು. ಅಂಥ ದಿನ ಎಂಟು ಗಂಟೆಗೆ ಧ್ವನಿವರ್ಧಕದಲ್ಲಿ ಅಧಿಕಾರಿಯ ಗೊಗ್ಗರು ದನಿ, ಕೊನೆಯ ಕೆಮ್ಮಿನ ಸಮೇತ, ಕೇಳಿಬಂದಿತ್ತು: "ಗಾಳಿ ಜೋರಿದೆ. ಹನ್ನೊಂದರವರೆಗೆ ಬಂದರು ಬಂದ್." ಕೆಲಸಗಾರರೆಲ್ಲ ಮನೆಗೆ ಹೋಗಿ ಹೊದ್ದು ಮಲಗಿದ್ದರು.

"ನಾನು ಬಂದರು ಅನ್ನೋದೇ ಇಲ್ಲ," ಎಂದರು ಅಧಿಕಾರಿ. "ಅಂದ್ರೆ ಸಾಕು, 'ಯಾರು ಬಂದರು?' ಅಂತ ಹಿಂದಿನಿಂದ ಯಾರಾದ್ರೂ ಕೇಳ್ತಾರೆ. ಅದಕ್ಕೇ ಹಾರ್ಬರ್ ಅಂತೀನಿ."

ಕೆಲಸಗಾರರನ್ನು ಕರೆತರಲು ಜನ ಓಡಿದರು. ಮೈಕಿನ ಕೋಣೆಯಲ್ಲಿ ಪಂಚನಾಮೆ ನಡೆಯಿತು. ಗುಂಡಿಯ ಮೇಲೆ ಗೋಧಿಹಿಟ್ಟಿನ ಬೆರಳಚ್ಚನ್ನು ಹೆಡ್ ಕಾನ್‌ಸ್ಟೇಬಲ್ ಕಂಡರು. ಗೋಡೆಯಾಚೆಗೇ ಕ್ಯಾಂಟೀನು.

ಅಲ್ಲಿ ಹಿಟ್ಟಿನ ಕೈಯವರು ಮೂವರು: ಅಡುಗೆಯವ, ಅವನ ಬಾಮೈದ, ಬ್ರೆಡ್ಡು ಸುಡುವವ. ಮೂವರದೂ ಒಂದೇ ಮಾತು, ಗೊತ್ತಿಲ್ಲ. ಇನ್ಸ್‌ಪೆಕ್ಟರ್ ಯೋಚಿಸಿದರು. ಕೆಮ್ಮನ್ನೂ ಬಿಡದೆ ಅನುಕರಿಸಿದವನು ಹಾರ್ಬರ್ ಎಂದಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಆದರೂ 'ಬಂದರು ಬಂದ್' ಅಂದಿದ್ದಾನೆ. ನಾಲಿಗೆಯ ತುರಿಕೆ. ಹುಟ್ಟುಗುಣ ಸುಟ್ಟರೂ ಹೋಗದು.

ಅವರು ಹೊರಡುವವರಂತೆ ಎದ್ದು ನಿಟ್ಟುಸಿರಿಟ್ಟರು. "ಪಾಪ, ಇಷ್ಟು ದೊಡ್ಡ ಬಂದರು ಕಟ್ಟಿದ್ರು. ಒಬ್ಬರೂ ಬರಲಿಲ್ಲ."

ಬ್ರೆಡ್ಡಿನವನ ಕೆನ್ನೆ ಉಬ್ಬಿತು, ಕಿವಿ ಕೆಂಪಾಯಿತು. ತಡೆದ, ತಡೆದ, ತಡೆಯಲಾಗಲಿಲ್ಲ.

"ಹಾಗಾದ್ರೆ ಅದು ಬಂದರು ಅಲ್ಲ ಸಾರ್, ಬಾರರು."

ಹೇಳಿದ ಮರುಕ್ಷಣವೇ ಎರಡೂ ಕೈ ಮುಂದೆ ಚಾಚಿದ.

"ಯಾಕಪ್ಪಾ ಹೀಗೆ ಮಾಡಿದೆ?"

"ನಮ್ಮನೆಯವಳಿಗೋಸ್ಕರ ಸಾರ್."

ಕ್ರೇನ್ ನಡೆಸುವವರ ಪರೀಕ್ಷೆಯಲ್ಲಿ ಅವಳೇ ಮೊದಲು ಬಂದಿದ್ದಳು. ಮೊದಲ ಪೆಟ್ಟಿಗೆ ಎತ್ತುವ ಗೌರವ ಅವಳದು. ತವರಿಂದ ಬರುವಾಗ ಅವಳಿದ್ದ ಲಾಂಚಿಗೆ ಮಂಜುಗಡ್ಡೆ ಅಡ್ಡ ಬಂತು. ಬರುವುದು ಹತ್ತೂವರೆ ದಾಟುತ್ತದೆಂದು ಗೊತ್ತಾದೊಡನೆ ಅಧಿಕಾರಿ, ತಮ್ಮ ತಂಗಿಯ ಮಗನೇ ಕ್ರೇನ್ ಹತ್ತಲಿ ಅಂದುಬಿಟ್ಟಿದ್ದರು. ಹಿಂದಿನ ರಾತ್ರಿ ಚಹಾ ಕೊಡಲು ಹೋದ ಗಂಡ ಅದನ್ನು ಕೇಳಿಸಿಕೊಂಡಿದ್ದ. ಭರತ ಇಳಿಯಲು ಇನ್ನೂ ಹೊತ್ತಿದೆ, ಹಡಗು ತಪ್ಪುವುದಿಲ್ಲ ಎಂದು ಲೆಕ್ಕ ಹಾಕಿಯೇ ಹನ್ನೊಂದು ಅಂದಿದ್ದ.

ಇನ್ಸ್‌ಪೆಕ್ಟರ್ ಅಧಿಕಾರಿಯ ಕಡೆ ತಿರುಗಿದರು. "ಪರೀಕ್ಷೆಯಲ್ಲಿ ನಿಮ್ಮ ತಂಗಿ ಮಗ ಎಷ್ಟನೆಯವನು?"

ಅಧಿಕಾರಿ ಕೆಮ್ಮಿದರು. ಈ ಸಲ ಅಸಲಿ ಕೆಮ್ಮು.

ಬಂದರು ಬಂದ್ ಮಾಡಿದವನ ಬಂಧನವಾಯಿತು. ಠಾಣೆಯಲ್ಲೇ ಜಾಮೀನು ಸಿಗುವ ಅಪರಾಧ. ಆದರೆ ಜೀಪು ಹಡಗುಕಟ್ಟೆಯ ಬಳಿ ನಿಂತೇಬಿಟ್ಟಿತು. ಇಂಜಿನ್ ಕಾದಿದೆ ಎಂದರು ಇನ್ಸ್‌ಪೆಕ್ಟರ್, ಮೂಗಿನ ತುದಿ ಮರಗಟ್ಟುವ ಆ ಚಳಿಯಲ್ಲಿ. ಚಾಲಕ ಹೌದು ಸಾರ್ ಎಂದು ಸ್ಟೇರಿಂಗ್ ಮೇಲೆ ಗಲ್ಲ ಊರಿ ಕೂತ.

ಹಡಗು ಕಟ್ಟೆಗೆ ತಾಗಿತು. ಕೆಂಪು ಮಫ್ಲರಿನ ಹೆಂಗಸೊಬ್ಬಳು ಲಾಂಚಿನಿಂದ ಹಾರಿ, ಓಡಿ, ಏಣಿ ಹತ್ತಿದಳು. ಮನೆಯಷ್ಟು ದೊಡ್ಡ ಪೆಟ್ಟಿಗೆ ಆಕಾಶಕ್ಕೆದ್ದು, ಮಲಗಿದ ಮಗುವನ್ನು ಹಾಸಿಗೆಗೆ ಇಳಿಸಿದಂತೆ ಸದ್ದಿಲ್ಲದೆ ನೆಲಕ್ಕಿಳಿಯಿತು. ಕಟ್ಟೆಯ ತುಂಬ ಕೇಕೆ. ಜೀಪಿನೊಳಗೆ ಆರೋಪಿ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಬಿಳಿ ಮಾಡಿಕೊಂಡ.

ಕೃತ್ಯಕ್ಕೆ ಕಾರಣ ಏನೆಂದು ಬರೆಯಲಿ ಎಂದು ಹೆಡ್ ಕಾನ್‌ಸ್ಟೇಬಲ್ ಕೇಳಿದರು.

"ಬರೀರಿ," ಎಂದರು ಇನ್ಸ್‌ಪೆಕ್ಟರ್. "ಮನೆಯವರು ಬರಬೇಕಿತ್ತು. ಬಂದರು."