ಪಟಕದ ನರಿ

ಹುಲಿಗವ್ವ ಉಸಿರು ಬಿಗಿಹಿಡಿದು ಕೊನೆಯ ಕಾಗದದ ಚೂರನ್ನು ಹರಿದಳು. ಬಟ್ಟೆಯನ್ನು ಮೆಲ್ಲಗೆ ಮಗುಚಿ ತೊಡೆಯ ಮೇಲೆ ಹರವಿದಳು.

ನರಿ ಬಂದಿತ್ತು. ಚೂಪು ಮೂತಿ, ನೆಟ್ಟಗೆ ನಿಂತ ಕಿವಿ, ಬಿಳಿ ತುದಿಯ ಬಾಲ, ಏನೂ ಬಿಟ್ಟುಹೋಗಿರಲಿಲ್ಲ. ಕೇಸರಿ ಬಣ್ಣದ ನರಿ ಹಸಿರು ಬಟ್ಟೆಯ ಮೇಲೆ, ಈಗಷ್ಟೇ ಶೇಂಗಾ ಹೊಲದಿಂದ ಹೊರಗೆ ಬಂದಂತೆ ನಿಂತಿತ್ತು.

"ಹುಲಿ ನರಿ ಹಡೀತು," ಎಂದು ಕಿಟಕಿಯಿಂದ ದನಿ ಬಂತು. ಪಕ್ಕದ ಮನೆಯ ಪಂಪಾಪತಿ ಸರಳುಗಳ ನಡುವೆ ಮೂಗು ತೂರಿಸಿ ನಿಂತಿದ್ದ. ಅವನೂ ಅವಳದೇ ತರಗತಿ. ಹುಲಿಗವ್ವನನ್ನು ಅವನು ‘ಹುಲಿ’ ಎಂದೇ ಕರೆಯುತ್ತಿದ್ದ.

"ಬಾಯಿ ಮುಚ್ಚಲೇ."

"ಮುಚ್ಚತೀನಿ. ಆದ್ರ ನಿನ್ನ ನರಿ ದಾರಿ ತಪ್ಪೈತಿ ನೋಡು. ಕಾಗದದಾಗ ಬಲಕ್ಕ ಹೊಂಟಿತ್ತು. ಬಟ್ಟ್ಯಾಗ ಎಡಕ್ಕ ಹೊಂಟೈತಿ."

ಹುಲಿಗವ್ವ ಹರಿದ ಕಾಗದದ ಚೂರುಗಳನ್ನು ನೆಲದ ಮೇಲೆ ಜೋಡಿಸಿ ನೋಡಿದಳು. ಅವನು ಹೇಳಿದ್ದು ನಿಜವಾಗಿತ್ತು.

ಶನಿವಾರದ ಕ್ರಾಫ್ಟ್ ಪೀರಿಯಡ್ಡಿನಲ್ಲಿ ಗೀತಾ ಮೇಡಂ ಈ ಕೆಲಸ ಕಲಿಸಿದ್ದರು. ಕಾಗದದ ಮೇಲೆ ಪ್ರಾಣಿಯ ಚಿತ್ರ, ಚಿತ್ರದ ತುಂಬ ನೇರ ಗೆರೆ, ಪ್ರತಿ ಭಾಗಕ್ಕೂ ಒಂದು ನಂಬರು. ಕಾಗದದ ಹಿಂದೆ ಒಂದನೇ ನಂಬರಿನ ಬಟ್ಟೆ ಇಡಬೇಕು. ಅದರ ಮೇಲೆ ಎರಡನೆಯದನ್ನು ಬೋರಲು ಇಟ್ಟು, ಕಾಗದದ ಗೆರೆಯ ಮೇಲೆಯೇ ಹೊಲಿಗೆ ಹಾಕಬೇಕು. ಆಮೇಲೆ ಬಟ್ಟೆ ಮಗುಚಿ, ಉಗುರಿನಿಂದ ತೀಡಿ, ಹೆಚ್ಚಾದದ್ದನ್ನು ಕತ್ತರಿಸಬೇಕು. ಹೀಗೆ ಕೊನೆಯ ನಂಬರಿನ ತನಕ. ಎಲ್ಲ ಮುಗಿದ ಮೇಲೆ ಕಾಗದ ಹರಿದು ತೆಗೆಯಬೇಕು.

"ಕಾಗದ ಅಂದ್ರ ಬುನಾದಿ ಇದ್ದಂಗ. ಮನಿ ಎದ್ದ ಮ್ಯಾಲ ಬುನಾದಿ ಯಾರಿಗೂ ಕಾಣೂದಿಲ್ಲ," ಎಂದಿದ್ದರು ಮೇಡಂ. ಅದಾದ ಮೇಲೆ ಇನ್ನೂ ಏನೋ ಹೇಳಿದ್ದರು. ಆ ಹೊತ್ತಿಗೆ ಪಂಪಾಪತಿ ಅವಳ ಜಡೆಯ ತುದಿಯನ್ನು ಬೆಂಚಿನ ಮೊಳೆಗೆ ಕಟ್ಟುತ್ತಿದ್ದ. ಅವಳು ಅವನ ಕೈಗೆ ಹೊಡೆಯುತ್ತಿದ್ದಳು. ಹೊಲಿಯುವುದು ಕಾಗದದ ಮುಖದ ಮೇಲೆ, ಚಿತ್ರ ಮೂಡುವುದು ಬೆನ್ನಿನ ಮೇಲೆ. ಅದಕ್ಕೇ ಎಡ ಬಲ ಅದಲುಬದಲಾಗುತ್ತದೆ. ಆ ಮಾತು ಹುಲಿಗವ್ವನ ಕಿವಿಗೆ ಬಿದ್ದಿರಲೇ ಇಲ್ಲ.

"ಯಾರ ಮುಂದೂ ಹೇಳಬ್ಯಾಡ," ಎಂದಳು.

"ಚಿಕ್ಕಿ ಕೊಡ್ತೀಯೇನು?"

ಹುಲಿಗವ್ವ ಡಬ್ಬಿಯಿಂದ ಶೇಂಗಾ ಚಿಕ್ಕಿ ತೆಗೆದು ಕಿಟಕಿಗೆ ಚಾಚಿದಳು.

ಬೇರೆ ನರಿ ಮಾಡೋಣವೆಂದರೆ ಆ ಕೇಸರಿ ಬಟ್ಟೆ ಇನ್ನು ಉಳಿದಿರಲಿಲ್ಲ. ಅದು ಅಜ್ಜ ತಲೆಗೆ ಸುತ್ತುತ್ತಿದ್ದ ಪಟಕ.

ಅಜ್ಜ ತಿಮ್ಮಣ್ಣ ಹೋದ ಬೇಸಿಗೆಯಲ್ಲಿ ದೇವರ ಪಾದ ಸೇರಿದ್ದ. ಹೊಸ ಪಟಕ ಅವನ ಜೊತೆಗೇ ಹೋಯಿತು. ಹಳೆಯದರ ಒಂದು ತುಂಡು ಮಾತ್ರ ಆಯಿಯ ಟ್ರಂಕಿನಲ್ಲಿ ಉಳಿದಿತ್ತು. ಅಜ್ಜಿ ಯಮನೂರಮ್ಮನನ್ನು ಮನೆಯಲ್ಲಿ ಎಲ್ಲರೂ ಆಯಿ ಎನ್ನುತ್ತಿದ್ದರು. ಅರ್ಧ ಊರು ಅವಳು ಹೊಲಿದ ಕೌದಿ ಹೊದ್ದು ಬೆಳೆದಿತ್ತು. ಅಜ್ಜ ಹೋದ ಮೇಲೆ ಆಯಿ ಸೂಜಿ ಮುಟ್ಟಿರಲಿಲ್ಲ. ಮಾತೂ ಕಡಿಮೆಯಾಗಿತ್ತು. ಜಪಮಣಿ ಹಿಡಿದು ಮೂಲೆಯಲ್ಲಿ ಕೂತುಬಿಡುತ್ತಿದ್ದಳು.

ಹೆರಿಗೆಗೆಂದು ತವರಿಗೆ ಬಂದಿದ್ದ ಕವಿತಕ್ಕ ಗಂಡುಕೂಸು ಹಡೆದಾಗ ಅವ್ವ, "ಕೂಸಿನ ಕೌದಿ ಯಾರು ಹೊಲೀಬೇಕು?" ಎಂದು ಮೆಲ್ಲಗೆ ಕೇಳಿದ್ದಳು. ಆಯಿ ತಲೆ ಎತ್ತಿರಲಿಲ್ಲ.

"ನಾ ನಡುವಿನ ತುಂಡು ಹೊಲೀತೀನಿ," ಎಂದಿದ್ದಳು ಹುಲಿಗವ್ವ. "ನರಿ ಮಾಡ್ತೀನಿ. ಅಜ್ಜನ ನರಿ."

ಅಜ್ಜ ಶೇಂಗಾ ಹೊಲ ಕಾಯುವಾಗ ನರಿ ಕಂಡರೆ ಕಲ್ಲು ಎಸೆಯುತ್ತಿರಲಿಲ್ಲ. ಕೈ ಜೋಡಿಸಿ, "ಶರಣ್ರಿ ನರಿಯಪ್ಪಾ, ತಿಂದಷ್ಟು ತಿಂದು ಮನಿಗೆ ನಡೀರಿ," ಎನ್ನುತ್ತಿದ್ದ. ಯಾವುದಕ್ಕಾದರೂ ಯಾರಾದರೂ ಚಿಂತೆ ಮಾಡುತ್ತ ಕೂತರೆ ಅವನದು ಒಂದೇ ಗಾದೆ: "ನರಿ ಎಡಕ್ಕ ಹೋದ್ರೇನು, ಬಲಕ್ಕ ಹೋದ್ರೇನು, ಮೈಮ್ಯಾಲ ಬೀಳದಿದ್ರ ಸಾಕು." ಬಸ್ಸು ತಪ್ಪಿದರೂ ಅದೇ, ಸಾರಿಗೆ ಉಪ್ಪು ಹೆಚ್ಚಾದರೂ ಅದೇ.

ಹುಲಿಗವ್ವನ ಮಾತು ಕೇಳಿ ಅವತ್ತು ಆಯಿ ಎದ್ದು ಟ್ರಂಕು ತೆರೆದಿದ್ದಳು. ಪಟಕದ ತುಂಡನ್ನು ಕಣ್ಣಿಗೊತ್ತಿಕೊಂಡು ಮೊಮ್ಮಗಳ ಕೈಗೆ ಕೊಟ್ಟಿದ್ದಳು. "ಕತ್ತರಿ ನೀನ ಹಾಕು. ನನ್ನ ಕೈ ಬರೂದಿಲ್ಲ."

ಹುಲಿಗವ್ವ ಅವ್ವನ ಮಶೀನಿನ ಮೇಲೆ ನರಿ ಹೊಲಿದಳು. ಆಯಿ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಮಾರನೆಯ ದಿನ ಬೆಳಗ್ಗೆ ಸೂಜಿ ತಾನಾಗಿಯೇ ಅವಳ ಕೈಗೆ ಬಂದಿತ್ತು. ನರಿಯ ಸುತ್ತ ಹಳೆಯ ಸೀರೆಯ ತುಂಡುಗಳನ್ನು ಕೂಡಿಸುತ್ತ, ಸಾಲು ಸಾಲಾಗಿ ಕೈಹೊಲಿಗೆಯ ಟಾಕಾ ಹಾಕುತ್ತ ಕೂತಳು.

ನರಿ ಯಾವ ಕಡೆ ಹೊರಟಿದೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದು ಕವಿತಕ್ಕನ ಅತ್ತೆ ಲಲಿತಮ್ಮ.

ಹೆಸರಿಡುವ ಹಿಂದಿನ ದಿನ ಮಧ್ಯಾಹ್ನ ಅವರು ಗಂಗಾವತಿಯಿಂದ ಅಕ್ಕಿಯ ಚೀಲದೊಂದಿಗೆ ಬಂದಿಳಿದರು. ಕೂಸನ್ನು ಎತ್ತಿ ಮುದ್ದಾಡಿದರು. ಆಮೇಲೆ ಆಯಿಯ ತೊಡೆಯ ಮೇಲಿದ್ದ ಕೌದಿಯನ್ನು ಬಿಡಿಸಿ ನೋಡಿದರು. ನೋಡುತ್ತ ನೋಡುತ್ತ ಅವರ ಹುಬ್ಬು ಮೇಲಕ್ಕೆ ಹೋಯಿತು.

"ಎಲ್ಲಾ ಛಲೋ ಐತ್ರಿ ಬೀಗತ್ಯಾರ. ಆದ್ರ ನರಿ ಎಡಕ್ಕ ಹೊಂಟೈತಲ್ರಿ. ಹೊಸಾ ಕೂಸಿನ ತೊಟ್ಟಿಲದಾಗ ಎಡಕ್ಕ ಹೋಗೂ ನರಿ ಬ್ಯಾಡ್ರಿ. ನಮ್ಮ ಕಡಿ ಇದು ಅಪಶಕುನ, ನಡ್ಯೂದಿಲ್ಲ."

ಬೀಗರ ಮಾತು. ಅವ್ವ ಸೆರಗು ಸರಿಮಾಡಿಕೊಂಡಳು. "ಅದಕ್ಯಾಕ ಚಿಂತಿ ಮಾಡ್ತೀರಿ? ನಾಳೆ ಮುಂಜಾನಿ ಅದರ ಮ್ಯಾಲ ಒಂದು ನೀಲಿ ಬಟ್ಟಿ ಹಚ್ಚಿ ಮುಚ್ಚಿಬಿಡ್ತೀನಿ. ಕಾಣೂದ ಇಲ್ಲ."

ಆಯಿ ಕೌದಿಯ ಕೊನೆಯ ಮೂಲೆ ಹೊಲಿಯುತ್ತಿದ್ದಳು. ಅವಳ ಕೈ ನಿಂತಿತು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಜಪಮಣಿ ತೆಗೆದುಕೊಂಡು ಮೂಲೆಗೆ ಹೋದಳು.

ಹುಲಿಗವ್ವನಿಗೆ ಅಳು ಬಂತು. ಬೈಸಿಕೊಂಡಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ.

ಸಂಜೆ ಅವಳು ಕೌದಿಯನ್ನು ಹೊರಗಿನ ಕಟ್ಟೆಯ ಮೇಲೆ ಹರಡಿ, ಬ್ಲೇಡು ಹಿಡಿದು ಕೂತಳು. ಬಿಚ್ಚಿ ಮತ್ತೆ ಹೊಲಿಯಲು ಆದೀತೇ? ಕಾಗದ ಸುಲಭವಾಗಿ ಹರಿಯಲೆಂದು ಹೊಲಿಗೆಯನ್ನು ಎಳ್ಳಿನಷ್ಟು ಸಣ್ಣಗೆ ಹಾಕಿದ್ದಳು. ಬಿಚ್ಚಹೋದರೆ ಹಳೆಯ ಪಟಕ ಪಿಸಿದುಹೋಗುತ್ತದೆ. ಅವಳು ಬ್ಲೇಡು ಕೆಳಗಿಟ್ಟಳು.

ಪಂಪಾಪತಿ ಬಂದು ಕೌದಿಯ ಆಚೆ, ಅವಳ ಎದುರಿಗೆ ಕೂತ. ಅವಳ ಮುಖ ನೋಡಿ ಇವತ್ತು ಚೇಷ್ಟೆ ಮಾಡಲಿಲ್ಲ.

"ನಾ ಯಾರಿಗೂ ಹೇಳಿಲ್ಲ, ಆಣಿ."

"ಗೊತ್ತು. ಗಂಗಾವತಿ ಅತ್ತಿ ತಾನ ನೋಡ್ಯಾಳ. ನರಿ ಎಡಕ್ಕ ಹೊಂಟೈತಂತ, ಅದಕ್ಕ ಮುಚ್ಚತಾರಂತ."

ಪಂಪಾಪತಿ ಬಗ್ಗಿ ನೋಡಿದ. "ಎಲ್ಲೈತಿ ಎಡಕ್ಕ? ಬಲಕ್ಕ ಹೊಂಟೈತಿ."

"ನಿನಗ ಎಡಾ ಬಲಾ ಗೊತ್ತಿಲ್ಲೇನಲೇ?"

"ಇದು ನಾ ಉಣ್ಣೂ ಕೈ," ಎಂದು ಅವನು ಬಲಗೈ ಎತ್ತಿದ. "ನರಿ ನನ್ನ ಉಣ್ಣೂ ಕೈ ಕಡೀನ ಹೊಂಟೈತಿ. ಕಾಲು ಮ್ಯಾಲ ಮಾಡಿ ಮಲಗಿದಂಗ ಕಾಣತೈತಿ ಖರೇ. ಆದ್ರ ಬಲಕ್ಕ."

"ಎಡಕ್ಕ."

"ಬಲಕ್ಕ ಅಂದ್ರ ಬಲಕ್ಕ."

ಹುಲಿಗವ್ವ ಎದ್ದು ಕೌದಿಯನ್ನು ಸುತ್ತಿ ಅವನ ಪಕ್ಕಕ್ಕೆ ಬಂದು ಕೂತಳು. ನರಿಯನ್ನು ನೋಡಿದಳು. ತನ್ನ ಉಣ್ಣುವ ಕೈ ನೋಡಿದಳು. ಮತ್ತೆ ಎದ್ದು ತನ್ನ ಜಾಗಕ್ಕೆ ಹೋಗಿ ಕೂತಳು. ಮತ್ತೆ ಬಂದಳು.

"ಯಾಕ, ಕಟ್ಟಿ ಮ್ಯಾಲ ಇರುವಿ ಅದಾವೇನು?" ಎಂದ ಪಂಪಾಪತಿ.

ನರಿ ನಿಂತಲ್ಲೇ ನಿಂತಿತ್ತು. ಅದರ ಮೂತಿ ಬೇವಿನ ಮರದ ಕಡೆಗೆ. ಅವಳು ಎಲ್ಲಿ ಕೂತರೂ ಅದು ಬೇವಿನ ಮರದ ಕಡೆಗೇ ಹೊರಟಿತ್ತು.

ಅವಳು ಡಬ್ಬಿಯಲ್ಲಿದ್ದ ಚಿಕ್ಕಿಯನ್ನೆಲ್ಲ ತಂದು ಪಂಪಾಪತಿಯ ಅಂಗೈಯಲ್ಲಿಟ್ಟಳು.

ಮರುದಿನ ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿದರು. ಹೋಳಿಗೆಯ ಗಡಿಬಿಡಿಯಲ್ಲಿ ಅವ್ವನಿಗೆ ಸೂಜಿ ಹಿಡಿಯಲು ಪುರುಸೊತ್ತು ಸಿಗಲಿಲ್ಲ. ಓಣಿಯ ಹೆಂಗಸರೆಲ್ಲ ಬಂದು ಸೇರಿದ ಮೇಲೆ ನೆನಪಾಯಿತು. ನೀಲಿ ಬಟ್ಟೆ, ಸೂಜಿ ಹಿಡಿದು ಅವಸರದಿಂದ ಹೊರಗೆ ಬಂದಳು. "ಹುಲಿಗಿ, ಕೌದಿ ಎಲ್ಲೈತಿ? ನಾಕು ಟಾಕಾ ಹಾಕಿಬಿಡ್ತೀನಿ."

ಕೌದಿ ಆಗಲೇ ತೊಟ್ಟಿಲಿನಲ್ಲಿತ್ತು. ಹುಲಿಗವ್ವ ಬೆಳಗ್ಗೆಯೇ ಉಳಿದ ಮೂಲೆಯನ್ನು ತಾನೇ ಹೊಲಿದು ಮುಗಿಸಿ, ಅದನ್ನು ಅಳೆದು, ತಿರುಗಿಸಿ, ತನಗೆ ಬೇಕಾದ ಹಾಗೆ ಹಾಸಿಟ್ಟಿದ್ದಳು.

"ಸ್ವಲ್ಪ ತಡಿಯವ್ವ," ಎಂದಳು. ನೇರ ಲಲಿತಮ್ಮನ ಹತ್ತಿರ ಹೋದಳು. "ಅತ್ತೀ, ಒಂದು ಮಾತು ಕೇಳ್ಲೇನ್ರಿ?"

"ಕೇಳವ್ವ."

"ನೀವು ನಿಂತ ಕಡಿಂದ ನರಿ ಯಾ ಕಡಿ ಹೊಂಟೈತ್ರಿ?"

"ನಿನ್ನೀನ ಹೇಳೀನಲ್ಲ. ಎಡಕ್ಕ."

"ಹುಲಿಗಿ," ಎಂದು ಅವ್ವ ಹಲ್ಲು ಕಚ್ಚಿ ಪಿಸುಗುಟ್ಟಿದಳು.

ಹುಲಿಗವ್ವ ಹಿಂದೆ ಸರಿಯಲಿಲ್ಲ. "ಈಗ ಕೂಸು ದಾಟಸ್ತೀವಲ್ರೀ ಅತ್ತಿ. ಗೋವಿಂದನ ಕೊಡ್ರಿ, ಗೋಪಾಲನ ತಗೋರಿ ಅಂತ. ಅದಕ್ಕ ತೊಟ್ಟಿಲದ ಎರಡೂ ಕಡಿ ಮಂದಿ ನಿಲ್ಲಬೇಕಲ್ರಿ. ಒಂದು ಸಲ ಆ ಕಡಿ ನಿಂತು ನೋಡ್ರಿ."

ಲಲಿತಮ್ಮ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಬಳೆ ಸದ್ದು ಮಾಡುತ್ತ ತೊಟ್ಟಿಲನ್ನು ಸುತ್ತಿ ಆಚೆ ಹೋಗಿ ನಿಂತರು. ಬಗ್ಗಿ ನೋಡಿದರು.

"ಈಗ ಯಾ ಕಡಿ ಹೊಂಟೈತ್ರಿ?"

ಲಲಿತಮ್ಮ ತಮ್ಮ ಬಲಗೈ ನೋಡಿಕೊಂಡರು. "ಬಲಕ್ಕ," ಎಂದರು ಮೆಲ್ಲಗೆ.

"ನರಿ ಮೂತಿ ಮುಂದ ಏನೈತ್ರಿ?"

ಎಲ್ಲರೂ ಆ ಕಡೆ ತಿರುಗಿದರು. ಅಲ್ಲಿ ದೇವರ ಜಗಲಿ ಇತ್ತು. ಎರಡು ದೀಪ ಉರಿಯುತ್ತಿದ್ದವು.

"ಎಡಕ್ಕೂ ಅಲ್ರಿ, ಬಲಕ್ಕೂ ಅಲ್ರಿ," ಎಂದಳು ಹುಲಿಗವ್ವ. "ನಮ್ಮ ನರಿ ಜಗಲಿಗೆ ಹೊಂಟೈತ್ರಿ. ನಮಸ್ಕಾರ ಮಾಡಾಕ."

ಅವ್ವನ ಕೈಯಲ್ಲಿದ್ದ ಸೂಜಿ ಹಾಗೇ ನಿಂತಿತ್ತು.

ಆಗ ಮೂಲೆಯಿಂದ ಒಂದು ದನಿ ಬಂತು. ಬಹಳ ದಿನದಿಂದ ಬಳಸದೆ ಇಟ್ಟ ದನಿ, ಸ್ವಲ್ಪ ತುಕ್ಕು ಹಿಡಿದಂತಿತ್ತು.

"ನರಿ ಎಡಕ್ಕ ಹೋದ್ರೇನು, ಬಲಕ್ಕ ಹೋದ್ರೇನು," ಎಂದಳು ಆಯಿ.

"ಮೈಮ್ಯಾಲ ಬೀಳದಿದ್ರ ಸಾಕು," ಎಂದು ಲಲಿತಮ್ಮನ ಬಾಯಿಂದ ತಾನಾಗಿಯೇ ಹೊರಟಿತು. ಹೇಳಿದ ಮೇಲೆ ತಾವೇ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಅಯ್ಯ ಬೀಗತ್ಯಾರ, ಈ ಹುಡುಗಿಗೆ ವಕೀಲಿ ಓದಸ್ರಿ. ಆ ನೀಲಿ ಬಟ್ಟಿ ಒಳಗ ಇಡ್ರಿ ಮೊದಲ. ನೋಡಿದ್ರ ನಗು ಬರತೈತಿ."

ಪಡಸಾಲೆಯ ತುಂಬ ನಗೆ ಎದ್ದಿತು. ಆಯಿ ಕೂಡ ನಗುತ್ತಿದ್ದಳು. ಅವಳ ಹಲ್ಲಿಲ್ಲದ ನಗೆ ನೋಡಿ ಹುಲಿಗವ್ವನಿಗೆ, ಊರಿನ ಓಟದ ಪಂದ್ಯಗಳನ್ನೆಲ್ಲ ತಾನೇ ಗೆದ್ದ ಹಾಗಾಯಿತು. ಬಾಗಿಲಿನಲ್ಲಿ ನಿಂತಿದ್ದ ಪಂಪಾಪತಿ ಎರಡೂ ಕೈ ಎತ್ತಿ, ಕಿವಿಯ ಹಾಗೆ ತಲೆಗೆ ಹಚ್ಚಿಕೊಂಡು ಕುಣಿದ.

"ಗೋವಿಂದನ ಕೊಡ್ರಿ."

"ಗೋಪಾಲನ ತಗೋರಿ."

ಕೂಸು ತೊಟ್ಟಿಲ ಕೆಳಗಿಂದ ಆಚೆ ಹೋಯಿತು, ಮೇಲಿಂದ ಈಚೆ ಬಂತು. ಗೋವಿಂದರಾಜ ಎಂದು ಕಿವಿಯಲ್ಲಿ ಹೆಸರು ಹೇಳಿಸಿಕೊಂಡು, ಕಡೆಗೆ ನರಿಯ ಬೆನ್ನ ಮೇಲೆ ಮಲಗಿತು.

ಬಂದವರೆಲ್ಲ ಊಟಕ್ಕೆ ಹೋದರು. ತೊಟ್ಟಿಲು ತೂಗುವ ಕೆಲಸ ಹುಲಿಗವ್ವನ ಪಾಲಿಗೆ ಬಂತು. ಅವಳು ಕಂಬಕ್ಕೆ ಒರಗಿ ಹಗ್ಗ ಎಳೆಯುತ್ತಿದ್ದಳು.

ಆಯಿ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದಳು. ಕೂಸಿನ ಕಾಲ ಪಕ್ಕದಲ್ಲಿ ಕೇಸರಿ ಬಾಲದ ಬಿಳಿ ತುದಿ ಕಾಣುತ್ತಿತ್ತು. ಆಯಿ ಅದರ ಮೇಲೆ ಬೆರಳಾಡಿಸಿದಳು. ಒಂದು ಕಡೆ ಹೊಲಿಗೆಯ ಸಂದಿಯಲ್ಲಿ ಬುನಾದಿ ಕಾಗದದ ಚೂರೊಂದು ಉಳಿದುಬಿಟ್ಟಿತ್ತು. ಬೆರಳು ತಾಕಿದಾಗ ಒಳಗಿನಿಂದ ಚರ್ ಎಂದಿತು, ಒಣಗಿದ ಶೇಂಗಾ ಬಳ್ಳಿಯ ಮೇಲೆ ಯಾರೋ ಹೆಜ್ಜೆ ಇಟ್ಟಂತೆ.

ಆಯಿ ಎರಡೂ ಕೈ ಜೋಡಿಸಿದಳು.

"ಶರಣ್ರಿ," ಎಂದಳು, ಬಹಳ ಮೆಲ್ಲಗೆ.

ಅದು ನರಿಗೆ ಹೇಳಿದ್ದಲ್ಲ ಎಂದು ಹುಲಿಗವ್ವನಿಗೆ ತಿಳಿಯಿತು. ಅವಳು ಕಣ್ಣನ್ನು ಜಗಲಿಯ ದೀಪದ ಕಡೆಗೆ ತಿರುಗಿಸಿ, ಹಗ್ಗವನ್ನು ಮೊದಲಿಗಿಂತ ನಿಧಾನವಾಗಿ ಎಳೆಯತೊಡಗಿದಳು.