ಪಾರ್ನಮಿರಿಂ ಪ್ರಯಾಣದ ಪ್ರಕರಣ

2025ರ ಅಕ್ಟೋಬರ್ 13, ಸೋಮವಾರ ಬೆಳಿಗ್ಗೆ 10.10ಕ್ಕೆ ಪೆನಾಂಗಿನ ಬಯಾನ್ ಲೆಪಾಸ್ ವಿಮಾನ ನಿಲ್ದಾಣದ ಹಿಂಬದಿಯ ಸಣ್ಣ ಠಾಣೆಗೆ ವಯಸ್ಸಾದ ದಂಪತಿ ಬಂದರು. ಹೆಂಗಸು ಮುಂದೆ, ಗಂಡಸು ಎರಡು ಹೆಜ್ಜೆ ಹಿಂದೆ. ಹೆಂಗಸಿನ ಹೆಸರು ಮೋಹಿನಿ, ಅರವತ್ತಮೂರು ವರ್ಷ. ಗಂಡ ಡಾಕ್ಟರ್ ಅನಂತಕೃಷ್ಣ, ಅರವತ್ತೊಂಬತ್ತು. ಮಣಿಪಾಲದಿಂದ ಬಂದು ಇಲ್ಲಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಶಸ್ತ್ರಚಿಕಿತ್ಸೆ ಕಲಿಸುತ್ತ ಹದಿನೆಂಟು ವರ್ಷ ಕಳೆದವರು. ಇಬ್ಬರ ಪಾಸ್‌ಪೋರ್ಟೂ ಮನೆಯ ಬೀರುವಿನಿಂದ ಕಾಣೆಯಾಗಿದ್ದವು. ಶುಕ್ರವಾರ ಅವರ ವಿಮಾನ.

ದೂರು ಬರೆದುಕೊಂಡವರು ಇನ್ಸ್‌ಪೆಕ್ಟರ್ ರತ್ನಾಕರ. ಮೇಜಿನ ಮೇಲಿನ ಹೆಸರು ಓದಿದ ಮೋಹಿನಿ ಅಳುವುದನ್ನು ಅರ್ಧಕ್ಕೆ ನಿಲ್ಲಿಸಿದರು.

“ನೀವು ಕನ್ನಡದವರಾ?”

“ಅಜ್ಜ ಕಾರ್ಕಳದವರು, ಆಂಟಿ. ರಬ್ಬರ್ ಎಸ್ಟೇಟಿಗೆ ಗುಮಾಸ್ತರಾಗಿ ಬಂದಿದ್ರು. ನನ್ನ ಕನ್ನಡದಲ್ಲಿ ಅರ್ಧ ತಮಿಳು ಇರ್ತದೆ, ಅಡ್ಜಸ್ಟ್ ಮಾಡ್ಕೊಳ್ಳಿ. ಎಲ್ಲಿಗೆ ಪ್ರಯಾಣ?”

“ಪಾರ್ನಮಿರಿಂ ಅಂತ. ಬ್ರೆಜಿಲ್‌ನಲ್ಲಿ. ನಿಮಗೆ ಗೊತ್ತಿರ್ಲಿಕ್ಕಿಲ್ಲ. ಯಾರಿಗೂ ಗೊತ್ತಿಲ್ಲ ಆ ಊರು. ನಟಾಲ್ ಅಂತ ಸಮುದ್ರದ ಬದಿಯ ದೊಡ್ಡ ಪೇಟೆ ಉಂಟು, ಅದರ ಹತ್ತಿರ. ಮಗಳು ಅಮೂಲ್ಯಾ ಅಲ್ಲಿದ್ದಾಳೆ. ಹನ್ನೊಂದು ವರ್ಷ ಆಯ್ತು ನಾನು ಅವಳ ಮುಖ ನೋಡದೆ. ಮೊಮ್ಮಗಳನ್ನು ಎತ್ತಿಕೊಳ್ಳಲೇ ಇಲ್ಲ, ಈಗ ಅವಳಿಗೆ ಒಂಬತ್ತಾಗ್ತಾ ಬಂತು.”

“ಡಾಕ್ಟ್ರು?”

“ಇವರು ಒಮ್ಮೆ ಹೋಗಿ ಬಂದಿದ್ದಾರೆ. 2016ರಲ್ಲಿ.” ಇದನ್ನು ಹೇಳುವಾಗ ಮೋಹಿನಿಯ ಮುಖದಲ್ಲಿ ಹೆಮ್ಮೆ ಕಂಡಿತು. ಡಾಕ್ಟರು ಗೋಡೆಯ ಮೇಲಿನ ಡೆಂಗಿ ಜಾಗೃತಿಯ ಭಿತ್ತಿಪತ್ರ ಓದುತ್ತಿದ್ದರು.

“ಬೀರು ಇರುವ ಕೋಣೆಗೆ ಯಾರು ಯಾರು ಹೋಗ್ತಾರೆ?”

ಮೋಹಿನಿ ಯೋಚಿಸಿದರು. ಉತ್ತರ ಕೊಟ್ಟದ್ದು ಅಷ್ಟು ಹೊತ್ತೂ ಬಾಯಿ ಬಿಡದಿದ್ದ ಡಾಕ್ಟರು. “ಕೆಲಸದ ಸುಲಾಸ್ಮಿ. ಭಾನುವಾರ ಬೀರು ಒರೆಸಿದ್ದು ಅವಳೇ.”

10.55ಕ್ಕೆ ಎಫ್‌ಐಆರ್ ದಾಖಲಾಯಿತು.

ಸ್ಥಳ ಪರಿಶೀಲನೆ ಅದೇ ದಿನ 11.45ಕ್ಕೆ. ಒಂಬತ್ತನೇ ಮಹಡಿಯ ಮನೆ. ರತ್ನಾಕರರ ಜೊತೆಗೆ ಕಾರ್ಪೊರಲ್ ಹಸ್ನಿಜಾ. ಕಣ್ಣು ಚುರುಕು, ನಾಲಗೆ ಇನ್ನೂ ಚುರುಕು. ಬೀರುವಿನ ಬೀಗ ಮುರಿದಿರಲಿಲ್ಲ. ಪಾಸ್‌ಪೋರ್ಟ್ ಇಟ್ಟಿದ್ದ ಖಾನೆಯಲ್ಲೇ ಮೋಹಿನಿಯ ಆರು ಬಳೆ, ಎರಡೆಳೆ ಸರ ಇಟ್ಟಲ್ಲೇ ಇದ್ದವು. ಚಿನ್ನ ಬಿಟ್ಟು ಪಾಸ್‌ಪೋರ್ಟ್ ಒಯ್ಯುವ ಕಳ್ಳನೆಂದರೆ ಪಾಸ್‌ಪೋರ್ಟ್ ಮಾರುವ ಜಾಲದವನೇ ಇರಬೇಕೆಂದು ರತ್ನಾಕರ ತೀರ್ಮಾನಿಸಿದರು. ಇಬ್ಬರು ನೆರೆಯವರ ಎದುರು ಪಟ್ಟಿ ಬರೆದು ಸಹಿ ಹಾಕಿಸಿದರು. ನಮ್ಮೂರ ಪೊಲೀಸರು ಪಂಚನಾಮೆ ಎನ್ನುವುದಕ್ಕೆ ಇಲ್ಲಿ ಬೇರೆ ಹೆಸರಿದೆ, ಕೆಲಸ ಅದೇ.

ಮನೆಯೆಲ್ಲ ಹುಡುಕಿದರು, ದೇವರ ಕೋಣೆಯೊಂದನ್ನು ಬಿಟ್ಟು.

“ಅಲ್ಲಿ ಬೇಡ ಮಾರಾಯ್ರೆ. ಸುಲಾಸ್ಮಿ ಆ ಹೊಸ್ತಿಲು ದಾಟುದೇ ಇಲ್ಲ, ಏಳು ವರ್ಷದಲ್ಲಿ ಒಮ್ಮೆಯೂ ದಾಟಿಲ್ಲ,” ಎಂದರು ಮೋಹಿನಿ. ಹಸ್ನಿಜಾ ಮರ್ಯಾದೆಯಿಂದ ದೂರ ನಿಂತಳು. ರತ್ನಾಕರ ಬೂಟು ಹಾಕಿಕೊಂಡಿದ್ದರು, ಬೆಳಿಗ್ಗೆ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಕೋಳಿ ಸಾರು ತಿಂದಿದ್ದರು. ಕೈಮುಗಿದು ಹಿಂದೆ ಸರಿದರು.

ಸುಲಾಸ್ಮಿ ಪೂರ್ವ ಜಾವಾದವಳು, ನಲವತ್ತೊಂದು ವರ್ಷ. ಅವಳ ಫೋನಿನಲ್ಲಿ ಆಗುಸ್ ಎಂಬ ಏಜೆಂಟನಿಗೆ ಭಾನುವಾರ ಸಂಜೆ ಕಳಿಸಿದ ಸಂದೇಶವಿತ್ತು: “ಪಾಸ್‌ಪೋರ್ಟ್ ಕೈಗೆ ಬಂದಿದೆ. ಯಾವಾಗ ತರಲಿ?” ಅದು ತನ್ನದೇ ಹೊಸ ಪಾಸ್‌ಪೋರ್ಟ್, ಗುರುವಾರ ತನ್ನ ಕೆಲಸದ ಪರ್ಮಿಟ್ ನವೀಕರಣ ಇದೆ ಎಂದು ಅವಳು ಅತ್ತಳು. ಹಾಗಾದರೆ ಅದನ್ನು ತೋರಿಸು ಎಂದರೆ, ಭಾನುವಾರ ರಾತ್ರಿಯೇ ಕೊಟ್ಟಾಯಿತು, ಅದು ಆಗಲೇ ಆಗುಸ್‌ನ ಕೈಯಲ್ಲಿದೆ ಎಂದಳು. ಆಗುಸ್ ಫೋನ್ ಎತ್ತಲಿಲ್ಲ. ಮಧ್ಯಾಹ್ನ 2.30ಕ್ಕೆ ಸುಲಾಸ್ಮಿಯ ಬಂಧನ. ಮರುದಿನ ಮ್ಯಾಜಿಸ್ಟ್ರೇಟರು ಮೂರು ದಿನದ ಕಸ್ಟಡಿ ಕೊಟ್ಟರು. ಪೊಲೀಸ್ ಕೇಸು ಇದ್ದವರಿಗೆ ಪರ್ಮಿಟ್ ಸಿಗುವುದಿಲ್ಲ. ಗುರುವಾರ ತಪ್ಪಿದರೆ ಊರಿಗೆ ಅಟ್ಟುತ್ತಾರೆ, ಮತ್ತೆ ಈ ದೇಶಕ್ಕೆ ಕಾಲಿಡುವಂತಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ರತ್ನಾಕರ ಸಹಿ ಹಾಕಿದರು. ಆ ಸಹಿ ಅವರನ್ನು ಈಗಲೂ ಚುಚ್ಚುತ್ತದೆ.

ಮಂಗಳವಾರ 3.15ಕ್ಕೆ ಡಾಕ್ಟರು ಹೇಳಿಕೆ ಕೊಡಲು ಬಂದರು. ಪ್ರಿಂಟರ್ ಕೈಕೊಟ್ಟಿದ್ದರಿಂದ ಹತ್ತು ನಿಮಿಷ ಕಾಯಬೇಕಾಯಿತು. ಮೇಜಿನ ಮೇಲೆ ಪ್ರಕರಣದ ಫೈಲು ಬಿಚ್ಚಿ ಬಿದ್ದಿತ್ತು. ಡಾಕ್ಟರ ಬೆರಳುಗಳು ತಮ್ಮಷ್ಟಕ್ಕೆ ಅದರ ದಾರದ ಎರಡು ತುದಿ ಸೇರಿಸಿ ಗಂಟು ಹಾಕಿದವು. ನಲವತ್ತು ವರ್ಷ ಗಾಯ ಹೊಲಿದ ಕೈ, ಸುಮ್ಮನಿರಲು ಅದಕ್ಕೆ ಬರುತ್ತಿರಲಿಲ್ಲ.

“ಸುಲಾಸ್ಮಿ ಮೇಲೆ ಮೊದಲು ಅನುಮಾನ ಇತ್ತಾ?”

“ಇಲ್ಲ.”

“ಈಗ?”

“ನಾನು ಎಂತ ಹೇಳುದು. ನೀವು ಪೊಲೀಸರು.”

ಸಂಜೆ 5ಕ್ಕೆ ಸುಲಾಸ್ಮಿಯ ವಿಚಾರಣೆ. ಹಸ್ನಿಜಾ ಕೇಳಿದಳು, ರತ್ನಾಕರ ಬರೆದುಕೊಂಡರು. ಸುಲಾಸ್ಮಿಯ ಬಾಯಲ್ಲಿ ಮೋಹಿನಿ ಪುವಾನ್, ಅಂದರೆ ಅಮ್ಮಾವ್ರು; ಡಾಕ್ಟರು ದೊತೋರ್.

“ಮನೆಯಲ್ಲಿ ಈಚೆಗೆ ಬೇರೆ ಏನಾದರೂ ಕಂಡೆಯಾ?”

“ಪುವಾನ್ ಪೆಟ್ಟಿಗೆಗೆ ತುಂಬುತ್ತಾರೆ, ದೊತೋರ್ ತೆಗೆಯುತ್ತಾರೆ.”

“ಅಂದರೆ?”

“ಪುವಾನ್ ದೊತೋರ್‌ನ ಸ್ವೆಟರ್ ಇಟ್ಟರು. ಬೆಳಿಗ್ಗೆ ನೋಡಿದರೆ ಅದು ಬೀರುವಿನಲ್ಲಿ. ಮತ್ತೆ ಇಟ್ಟರು, ಮತ್ತೆ ಬೀರುವಿನಲ್ಲಿ. ಪುವಾನ್ ತನಗೆ ಮರೆವು ಬಂತು ಅಂತ ಅತ್ತರು. ನಾನು ಏನೂ ಹೇಳಲಿಲ್ಲ. ಅವರ ಮನೆಯ ವಿಷಯ.”

ಬುಧವಾರ ಬೆಳಿಗ್ಗೆ 9ಕ್ಕೆ ಹಸ್ನಿಜಾ ಜಾರ್ಜ್‌ಟೌನ್‌ನಲ್ಲಿ ಆಗುಸ್‌ನನ್ನು ಹಿಡಿದಳು. ಅವನ ಕಪಾಟಿನಲ್ಲಿ ಸುಲಾಸ್ಮಿಯ ಹೊಸ ಪಾಸ್‌ಪೋರ್ಟೂ ಪರ್ಮಿಟ್ ಅರ್ಜಿಯೂ ಇದ್ದವು, ಅವಳು ಹೇಳಿದ ಹಾಗೆಯೇ.

“ಪಾಪದವಳನ್ನು ಒಳಗೆ ಹಾಕಿದೆವಲ್ಲ, ಟುವಾನ್. ಎರಡು ದಿನದಿಂದ ಸರಿಯಾಗಿ ಮಾಕನ್ ಕೂಡ ಮಾಡಿಲ್ಲ ಅವಳು, ತುತ್ತು ಇಳಿಯುವುದೇ ಇಲ್ಲ. ಹೋಟೆಲಿನಿಂದ ತಪೌ ಕಟ್ಟಿಸಿ ತಂದುಕೊಟ್ಟರೂ ಮುಟ್ಟಲಿಲ್ಲ ಲಾ,” ಎಂದಳು ಹಸ್ನಿಜಾ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿತ್ತು. ರತ್ನಾಕರ ಫೈಲು ಮುಂದಿಟ್ಟುಕೊಂಡು ಯೋಚಿಸಿದರು. ಬೀಗ ಮುರಿದಿಲ್ಲ. ಹೊರಗಿನವರು ಬಂದಿಲ್ಲ. ಮನೆಯೆಲ್ಲ ಹುಡುಕಿ ಆಗಿದೆ, ಹುಡುಕದ ಜಾಗ ಒಂದೇ. ಕೆಲಸದವಳು ಅಲ್ಲಿಗೆ ಹೋಗುವುದಿಲ್ಲ ಎಂದಾದರೆ ಅಲ್ಲಿಗೆ ಹೋಗುವವರು ಇಬ್ಬರೇ. ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ತನ್ನ ಬುದ್ಧಿಗೆ ಅವರು ಮನಸ್ಸಿನಲ್ಲೇ ಛೀಮಾರಿ ಹಾಕಿಕೊಂಡರು.

11.20ಕ್ಕೆ ಒಂಬತ್ತನೇ ಮಹಡಿ. ಡಾಕ್ಟರು ಕಾಲೇಜಿಗೆ ಹೋಗಿದ್ದರು. ರತ್ನಾಕರ ಬೆಳಿಗ್ಗೆ ಬರೀ ಇಡ್ಲಿ ತಿಂದು ಬಂದಿದ್ದರು. ಬೂಟು ಬಿಚ್ಚಿ ಕಾಲು ತೊಳೆದು ದೇವರ ಕೋಣೆಗೆ ಹೋದರು. ಮೋಹಿನಿ ಬಾಗಿಲಲ್ಲಿ ನಿಂತು ನೋಡಿದರು.

ವೆಂಕಟರಮಣನ ಪಟದ ಕೆಳಗೆ ಮೈಲೋ ಪುಡಿಯ ಹಳೆಯ ಡಬ್ಬಿಯೊಂದು ಇತ್ತು. ಬಾಯಿಗೆ ಅರಿಸಿನ ಹಚ್ಚಿದ ಬಟ್ಟೆ, ಮೇಲೆ ದಾರ.

“ಅದು ತಿರುಪತಿಯ ಮುಡಿಪು. ಅಮೂಲ್ಯನ ಹೆರಿಗೆ ಸುಸೂತ್ರ ಆಗ್ಲಿ ಅಂತ ಶುರು ಮಾಡಿದ್ದು. ಶನಿವಾರ ಶನಿವಾರ ಒಂದು ನಾಣ್ಯ ಹಾಕ್ತೇನೆ. ಹಾಕಿದ್ದನ್ನು ತೆಗೀಲಿಕ್ಕಿಲ್ಲ, ಬೇರೆ ದಿನ ಮುಟ್ಟಲಿಕ್ಕೂ ಇಲ್ಲ.”

ಅಜ್ಜಿಯ ಮನೆಯಲ್ಲೂ ಇಂಥದೊಂದು ಡಬ್ಬಿ ಇದ್ದುದು ರತ್ನಾಕರರಿಗೆ ಗೊತ್ತಿತ್ತು. ಮನೆಗೆ ಎಂಥ ಕಷ್ಟ ಬಂದರೂ ಅದಕ್ಕೆ ಯಾರೂ ಕೈ ಹಾಕುತ್ತಿರಲಿಲ್ಲ. ಅವರು ಕ್ಷಮೆ ಕೇಳಿ ಡಬ್ಬಿ ಎತ್ತಿ ಅಲ್ಲಾಡಿಸಿದರು. ಒಂಬತ್ತು ವರ್ಷದ ನಾಣ್ಯ, ಭಾರವೇನೋ ಇತ್ತು. ಸದ್ದು ಬರಲಿಲ್ಲ.

“ಆಂಟಿ, ನೀವೇ ಬಿಚ್ಚಿ.”

“ಆಗ್ಲಿಕ್ಕಿಲ್ಲ.”

“ಸುಲಾಸ್ಮಿ ಕಳ್ಳಿ ಅಲ್ಲ ಅಂತ ನನಗೆ ಅನ್ನಿಸ್ತಾ ಇದೆ. ನಾಳೆ ಅವಳ ಪರ್ಮಿಟ್.”

ಮೋಹಿನಿ ದೇವರಿಗೆ ಕೈಮುಗಿದು ಡಬ್ಬಿ ತೆಗೆದುಕೊಂಡರು. ದಾರದ ಮೇಲೆ ಬೆರಳಿಟ್ಟವರು ಹಾಗೇ ನಿಂತರು.

“ಇದು ನಾನು ಹಾಕಿದ ಗಂಟಲ್ಲ.”

ಮೊದಲ ಸುತ್ತು ಎರಡು ಸಲ ಸುತ್ತಿ, ಮೇಲೊಂದು ಚಿಕ್ಕ ಗಂಟು, ದಾರದ ತುದಿ ಅಳೆದಂತೆ ಸಮ. ರತ್ನಾಕರ ಕಂಕುಳಲ್ಲಿದ್ದ ಪ್ರಕರಣದ ಫೈಲನ್ನು ಪಕ್ಕದಲ್ಲಿಟ್ಟರು. ಅದರ ದಾರಕ್ಕೂ ಅದೇ ಗಂಟು, ಮಂಗಳವಾರ ಡಾಕ್ಟರು ಹಾಕಿದ್ದು. ಹಸ್ನಿಜಾ ಎರಡರ ಫೋಟೋವನ್ನೂ ತೆಗೆದಳು. ಬಟ್ಟೆ ಬಿಚ್ಚಿದಾಗ ನಾಣ್ಯಗಳನ್ನು ಅದುಮಿಕೊಂಡು ಎರಡು ಪಾಸ್‌ಪೋರ್ಟ್ ಕುಳಿತಿದ್ದವು. 11.50ಕ್ಕೆ ಜಪ್ತಿ.

ಮಧ್ಯಾಹ್ನ 3.40ಕ್ಕೆ ಡಾಕ್ಟರು ಠಾಣೆಗೆ ಬಂದರು. ಮೇಜಿನ ಮೇಲೆ ಡಬ್ಬಿ ನೋಡಿ ಕನ್ನಡಕ ತೆಗೆದಿಟ್ಟರು.

“ಯಾವಾಗ ಇಟ್ಟಿರಿ?”

“ಭಾನುವಾರ. ಅವಳು ಸ್ನಾನಕ್ಕೆ ಹೋದಾಗ.”

“ಬಿಸಾಡಬಹುದಿತ್ತು.”

“ಮನಸ್ಸು ಬರ್ಲಿಲ್ಲ. ಶುಕ್ರವಾರ ವಿಮಾನ ಹೋದ ಮೇಲೆ, ಶನಿವಾರ ಅವಳು ಡಬ್ಬಿ ಮುಟ್ಟುವುದರೊಳಗೆ ತೆಗೆದು, ಎಲ್ಲೋ ಸಿಕ್ಕಿತು ಅಂತ ಹೇಳುದು ಅಂತಿದ್ದೆ.”

“ಸುಲಾಸ್ಮಿಯ ಹೆಸರು ಯಾಕೆ ಹೇಳಿದ್ರಿ?”

“ನೀವು ಕೇಳಿದ್ರಿ. ಬಾಯಿಗೆ ಬಂತು. ಅವಳು ಬೀರು ಒರೆಸಿದ್ದು ಸುಳ್ಳಲ್ಲ.” ಮತ್ತೆ ಅವರೇ ಅಂದರು: “ಸುಳ್ಳಿಗಿಂತ ಕಡೆ ಅದು. ಗೊತ್ತುಂಟು ನನಗೆ.”

“ಪ್ರಯಾಣ ಯಾಕೆ ತಪ್ಪಿಸಬೇಕಿತ್ತು?”

ಡಾಕ್ಟರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು.

“ನಾನು ಮಗಳ ಮನೆಗೆ ಹೋಗ್ಲೇ ಇಲ್ಲ.”

ಅವರು ಹೇಳಿದ್ದನ್ನು ರತ್ನಾಕರ ಅಡ್ಡ ಬಾಯಿ ಹಾಕದೆ ಬರೆದುಕೊಂಡರು. ಅಮೂಲ್ಯಾ ಬ್ರೆಜಿಲ್‌ನ ಹುಡುಗನನ್ನು ಮದುವೆಯಾದಾಗ ಅಪ್ಪ, “ನನ್ನ ಪಾಲಿಗೆ ನೀನು ಸತ್ತೆ” ಅಂದಿದ್ದರು. ಎರಡು ವರ್ಷದ ನಂತರ, 2016ರ ನವೆಂಬರಿನಲ್ಲಿ, ಅದೇ ದೇಶದ ರೆಸಿಫೆಯಲ್ಲಿ ವೈದ್ಯರ ಸಮ್ಮೇಳನ ಬಂತು. ಮಗಳನ್ನು ನೋಡಿ ಬನ್ನಿ ಎಂದು ಮೋಹಿನಿ ಕಾಲು ಹಿಡಿಯುವುದೊಂದು ಬಾಕಿ. ಡಾಕ್ಟರು ಬಸ್ಸು ಹತ್ತಿ ನಟಾಲ್‌ಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಪಾರ್ನಮಿರಿಂಗೆ ಹೋದರು. ಪ್ರವಾಸಿಗರೆಲ್ಲ ನಟಾಲ್‌ನ ಕಡಲತೀರದಲ್ಲೇ ಉಳಿದರು. ಪಾರ್ನಮಿರಿಂನಲ್ಲಿ ಇಳಿದವರು ಕೆಲಸ ಮುಗಿಸಿ ಮನೆಗೆ ಹೋಗುವ ಜನ.

“ಊರಲ್ಲಿ ನೋಡುವಂಥದ್ದು ಎಂತದೂ ಇಲ್ಲ. ಹೆಂಚಿನ ಮನೆಗಳ ಸಾಲು, ಸಿಮೆಂಟ್ ಅಂಗಡಿ, ಎಲ್ಲ ಗೇಟಿಗೂ ಕಬ್ಬಿಣದ ಸರಳು. ಆದ್ರೆ ಅದೇ ಮರಳು, ಅದೇ ತೆಂಗು, ಗೇರು ಹಣ್ಣಿನ ಅದೇ ವಾಸನೆ. ನಮ್ಮ ಮಲ್ಪೆ ಕಡೆಗೆ ಬಂದ ಹಾಗೆ. ಪರದೇಶ ಅನ್ನಿಸಿದ್ರೆ ಧೈರ್ಯ ಬರ್ತಿತ್ತೋ ಏನೋ. ಅವಳು ಅಂಗಳದಲ್ಲಿ ಬಟ್ಟೆ ಒಣಗಿಸ್ತಿದ್ದಳು. ಏಳು ತಿಂಗಳ ಬಸುರಿ. ಹತ್ತು ನಿಮಿಷ ಗೇಟಿನ ಹೊರಗೆ ನಿಂತಿದ್ದೆ. ಏನಂತ ಕರೀಲಿ? ಸತ್ತೆ ಅಂದವಳನ್ನು ಏನಂತ ಕರೆಯುದು?”

ಅಲ್ಲಿಂದ ಅವರು ಅದೇ ಊರಿಗೆ ಸೇರಿದ ಪಿರಾಂಜಿ ಎಂಬ ಕಡಲತೀರದ ಹಳ್ಳಿಗೆ ಹೋದರು. ಅಲ್ಲೊಂದು ಗೇರು ಮರವಿದೆ. ಕೊಂಬೆಗಳು ನೆಲ ಮುಟ್ಟಿ ಮತ್ತೆ ಬೇರೂರಿ, ಒಂದೇ ಮರ ದೊಡ್ಡ ತೋಪಿನಷ್ಟು ಹಬ್ಬಿದೆ. ಸಂಜೆಯವರೆಗೆ ಅದರ ನೆರಳಲ್ಲಿ ಕುಳಿತರು. ಅಂಗಡಿಯಲ್ಲಿ ಗೇರುಬೀಜದ ಪೊಟ್ಟಣ ಕೊಂಡು ಪೆನಾಂಗಿಗೆ ಬಂದು, ಮಗಳು ಕೊಟ್ಟದ್ದು ಎಂದರು. ಅಳಿಯನಿಗೆ ತಿಳಿಯದಂತೆ ಭೇಟಿ ಆದದ್ದು, ಮಗಳು ಎಂದಾದರೂ ಫೋನ್ ಮಾಡಿದರೆ ಆ ಮಾತೆತ್ತಬೇಡ ಎಂದೂ ಸೇರಿಸಿದರು. ಹೆರಿಗೆಯ ನಂತರ ಮಗಳು ತಾಯಿಗೆ ಫೋನ್ ಮಾಡತೊಡಗಿದಳು. ಮೋಹಿನಿ ಕೊಟ್ಟ ಮಾತು ಉಳಿಸಿಕೊಂಡರು. ಮಗಳೂ ಅಪ್ಪನ ಸುದ್ದಿ ಎತ್ತಲಿಲ್ಲ. ಈ ವರ್ಷ ಮೋಹಿನಿ ಯಾರ ಒಪ್ಪಿಗೆಗೂ ಕಾಯದೆ ಇಬ್ಬರಿಗೂ ಟಿಕೆಟ್ ತೆಗೆಸಿದರು.

“ಎದುರುಬದುರು ಕೂತರೆ ಒಂದೇ ಮಾತಿಗೆ ಎಲ್ಲ ಹೊರಬರ್ತದೆ. ಒಂಬತ್ತು ವರ್ಷ ಅವಳು ಆ ಭೇಟಿಯ ಕತೆ ಕೇಳಿದ್ದಾಳೆ, ಇನ್ಸ್‌ಪೆಕ್ಟ್ರೇ. ಮಗಳು ತೆಳ್ಳಗಾಗಿದ್ದಾಳಾ, ಅಂಗಳದಲ್ಲಿ ಎಂತ ಹೂ ಉಂಟು, ಅಂತ. ಕೇಳಿದಾಗಲೆಲ್ಲ ನಾನು ಸ್ವಲ್ಪ ಸ್ವಲ್ಪ ಸೇರಿಸಿದ್ದೇನೆ. ಅವಳಿಗೆ ಹೇಳಬೇಡಿ.”

“ದೂರು ಕೊಟ್ಟವರು ಅವರು. ಹೇಳಲೇಬೇಕು.”

5.20ಕ್ಕೆ ಬಂಧನ. ಪ್ರಯಾಣಪತ್ರ ಬಚ್ಚಿಟ್ಟದ್ದು, ಸುಳ್ಳು ಮಾಹಿತಿ ಕೊಟ್ಟು ನಿರಪರಾಧಿಯ ಬಂಧನಕ್ಕೆ ಕಾರಣವಾದದ್ದು, ಈ ಎರಡು ಆರೋಪ. 5.45ಕ್ಕೆ ಸುಲಾಸ್ಮಿಯ ಬಿಡುಗಡೆ. ರತ್ನಾಕರ ಎದ್ದು ನಿಂತು ಕ್ಷಮೆ ಕೇಳಿದರು. ಅವಳು ತಲೆಯಾಡಿಸಿ ಚೀಲ ತೆಗೆದುಕೊಂಡಳು. ಗುರುವಾರ ಪರ್ಮಿಟ್ ಸಿಕ್ಕಿತು. ಆ ಮನೆಗೆ ಮಾತ್ರ ಅವಳು ಹಿಂದಿರುಗಲಿಲ್ಲ. ಠಾಣೆಯ ಹೊರಬಾಗಿಲಲ್ಲಿ ಮೋಹಿನಿ ಅವಳ ಕೈ ಹಿಡಿದುಕೊಂಡು ಅತ್ತರೂ ಮನಸ್ಸು ಬದಲಿಸಲಿಲ್ಲ.

ಒಳಗೆ ಬಂದು ಮೋಹಿನಿ ಗಂಡನ ಹೇಳಿಕೆಯನ್ನು ಕೇಳಿಸಿಕೊಂಡರು. ರತ್ನಾಕರ ಓದಿ ಮುಗಿಸಿದಾಗ ಆರೂಕಾಲು. ಬ್ರೆಜಿಲ್‌ನಲ್ಲಿ ಬೆಳಿಗ್ಗೆ. ಅವರು ಅಲ್ಲೇ ಕುಳಿತು ಮಗಳಿಗೆ ಫೋನ್ ಮಾಡಿದರು. ಅವಸರದಲ್ಲಿ ಸ್ಪೀಕರ್ ಒತ್ತಿದ್ದು ಅವರಿಗೆ ಗೊತ್ತಾಗಲಿಲ್ಲ.

“ಅಮೂಲ್ಯಾ, ಅಪ್ಪ ಆ ವರ್ಷ ನಿನ್ನ ಮನೆಗೆ ಬರ್ಲಿಲ್ಲವಂತೆ. ಗೇಟಿನಿಂದಲೇ ವಾಪಸ್ ಹೋದ್ರಂತೆ.”

ಆ ಕಡೆ ಪಾತ್ರೆಯ ಸದ್ದು ನಿಂತಿತು.

“ಗೊತ್ತಮ್ಮ. ನಾನು ನೋಡಿದ್ದೆ.”

“ನೋಡಿದ್ದೆಯಾ?”

“ಬಟ್ಟೆಯ ಮರೆಯಿಂದ. ಒಣಗಿಸಿದ್ದನ್ನೇ ತೆಗೆದು ಮತ್ತೆ ಮತ್ತೆ ಒಣಗಿಸಿದೆ, ಅವರು ಒಳಗೆ ಬರ್ತಾರೆ ಅಂತ. ಗೇಟಿಗೆ ಬೀಗ ಇರ್ಲಿಲ್ಲ. ನಾನಾದ್ರೂ ಅಪ್ಪಾ ಅಂತ ಕರೀಬಹುದಿತ್ತು. ಅವರೇ ಮೊದಲು ಕರೀಲಿ ಅಂತ ಇದ್ದುಬಿಟ್ಟೆ.”

ಮೋಹಿನಿ ಫೋನನ್ನು ಮಡಿಲಲ್ಲಿಟ್ಟುಕೊಂಡರು. “ಇದನ್ನು ಅವರಿಗೆ ಹೇಳ್ಬೇಕಾ, ರತ್ನಾಕರ?” ಎಂದು ಕೇಳಿದರು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ರತ್ನಾಕರ ಅನೇಕರಿಗೆ ಅನೇಕ ಸುದ್ದಿ ಮುಟ್ಟಿಸಿದ್ದರು. ಈ ಸಲ ಅವರು ಹೇಳಿಕೆಯ ಹಾಳೆಗಳನ್ನು ಫೈಲಿಗೆ ಸೇರಿಸಿ ದಾರ ಸುತ್ತಿದರು.

ಶುಕ್ರವಾರ ಮೋಹಿನಿ ಒಬ್ಬರೇ ಹೋದರು. ಅವರ ಪಾಸ್‌ಪೋರ್ಟನ್ನು ನಕಲು ಇಟ್ಟುಕೊಂಡು ಹಿಂದಿರುಗಿಸಲಾಗಿತ್ತು. ಡಾಕ್ಟರಿಗೆ ಜಾಮೀನು ಸಿಕ್ಕಿತ್ತು, ಪಾಸ್‌ಪೋರ್ಟ್ ಮಾತ್ರ ಕೋರ್ಟಿನ ವಶದಲ್ಲಿತ್ತು. ಅದೇ ಸಂಜೆ ರತ್ನಾಕರ ಅಂತಿಮ ವರದಿ ಬರೆದರು. ಕೃತ್ಯದ ಉದ್ದೇಶ ಎಂಬ ಕಡೆ, “ಮಗಳ ಮನೆಗೆ ಹೋಗದಿದ್ದರೂ ಹೋಗಿ ಬಂದೆನೆಂದು ಹೆಂಡತಿಗೆ ಹೇಳಿದ ಸುಳ್ಳನ್ನು ಮುಚ್ಚಿಡಲು” ಎಂದು ನಮೂದಿಸಿದರು. ಮಗಳು ಬಟ್ಟೆಯ ಮರೆಯಿಂದ ನೋಡುತ್ತಿದ್ದಳೆಂಬುದು ಪ್ರಕರಣಕ್ಕೆ ಬೇಕಾದ ಸಂಗತಿಯಲ್ಲ. ಅದನ್ನು ಅವರು ಬರೆಯಲಿಲ್ಲ.